ಅಧ್ಯಕ್ಷರು ಒಂದು ಸಹಿ ಹಾಕಿದರೆ ಕೋವಿ ಹೋಗುತ್ತದಾ?

ಹೊಸಬ_ಪ್ಲೇನೋ

ಎಲ್ಲರಿಗೂ ನಮಸ್ಕಾರ. ನಾನು ಡಲ್ಲಾಸ್ ಹತ್ತಿರದ ಪ್ಲೇನೋಗೆ ಬಂದು ಎಂಟು ತಿಂಗಳಾಯಿತು. ಎಚ್-1ಬಿ, ಅಂದರೆ ಕೆಲಸಕ್ಕೆ ಅಂತ ಕೊಡುವ ತಾತ್ಕಾಲಿಕ ವೀಸಾ. ಊರು ತುಮಕೂರು ಕಡೆ. ನಮ್ಮ ಮನೆಯಲ್ಲಿ ಪಿಸ್ತೂಲು ಅಂತ ಇದ್ದದ್ದು ದೀಪಾವಳಿಗೆ ರೀಲು ಪಟಾಕಿ ಹಾಕಿ ಹೊಡೆಯುವುದು ಮಾತ್ರ.

ನನ್ನ ಪಕ್ಕದ ಸೀಟಿನಲ್ಲಿ ಅರವತ್ತರ ಹತ್ತಿರದ ಒಬ್ಬರಿದ್ದಾರೆ, ಅಪ್ಪಟ ಟೆಕ್ಸಾಸ್ ಮನುಷ್ಯ. ತುಂಬ ಒಳ್ಳೆಯವರು. ಊಟಕ್ಕೆ ಕೂತರೆ ಮಾತೆಲ್ಲ ಗನ್ ಬಗ್ಗೆಯೇ. ಹಿಂದಿನ ಅಧ್ಯಕ್ಷ ಬೈಡನ್ ಆರ್ಡರ್ ಮೇಲೆ ಆರ್ಡರ್ ಹಾಕಿ ನಮ್ಮ ಗನ್ ಕಿತ್ತುಕೊಳ್ಳಲು ಹೊರಟಿದ್ದರು, ಈಗಿನ ಟ್ರಂಪ್ ಒಂದು ಸಹಿ ಹಾಕಿ ಉಳಿಸಿದರು ಅನ್ನುವುದು ಅವರ ವಾದ. ಇದನ್ನು ನಮ್ಮ ಕನ್ನಡ ವಾಟ್ಸಾಪ್ ಗುಂಪಿಗೆ ಹಾಕಿದೆ ನೋಡಿ, ಇಬ್ಬರು ಜಗಳಕ್ಕೇ ನಿಂತರು. ಒಬ್ಬರು, ಅಧ್ಯಕ್ಷರು ಮನಸ್ಸು ಮಾಡಿದರೆ ನಾಳೆ ಬೆಳಗ್ಗೆಯೇ ಎಲ್ಲ ಗನ್ ಬಂದ್ ಮಾಡಬಹುದು, ಓಟಿನ ಭಯಕ್ಕೆ ಮಾಡುತ್ತಿಲ್ಲ ಅಷ್ಟೇ ಅಂತಾರೆ. ಇನ್ನೊಬ್ಬರು, ಸಂವಿಧಾನದಲ್ಲೇ ಬರೆದಿದೆ, ಯಾರಪ್ಪನೂ ಮುಟ್ಟೋ ಹಾಗಿಲ್ಲ ಅಂತಾರೆ. ನನಗೆ ಎರಡೂ ಪೂರ್ತಿ ಸರಿ ಅನ್ನಿಸುತ್ತಿಲ್ಲ.

ಅಧ್ಯಕ್ಷರ ಅಥವಾ ಇಲ್ಲಿ ರಾಜ್ಯ ನಡೆಸುವ ಗವರ್ನರ್ ಆದೇಶ ಎಲ್ಲಿವರೆಗೆ ನಡೆಯುತ್ತದೆ? ತಡೆಯುವವರು ಯಾರು, ಶಾಸನಸಭೆಯಾ ಕೋರ್ಟಾ? ಇನ್ನೊಂದು ಸಣ್ಣ ಪ್ರಶ್ನೆ. ಆ ಸಹೋದ್ಯೋಗಿ ಈ ಶನಿವಾರ ಶೂಟಿಂಗ್ ರೇಂಜಿಗೆ ಕರೆದಿದ್ದಾರೆ. ಹೋಗಬಹುದಲ್ವಾ?

ಮಂಡ್ಯ_ಟು_ಮಿಚಿಗನ್

ಗುರು, ಎಕ್ಸಿಕ್ಯುಟಿವ್ ಆರ್ಡರ್ ಅಂದರೆ ದೊಡ್ಡ ಸಾಹೇಬರು ತಮ್ಮ ಕೆಳಗಿನ ಇಲಾಖೆಗಳಿಗೆ ಬರೆಯುವ ಚೀಟಿ. ಕಾನೂನು ಕೊಟ್ಟ ಅಧಿಕಾರದೊಳಗೆ ಕೆಲಸ ಹೀಗೆ ಮಾಡಿ, ಹಾಗೆ ಮಾಡಿ ಅನ್ನಬಹುದು. ಹೊಸ ಕಾನೂನು ಹುಟ್ಟಿಸೋಕಾಗಲ್ಲ.

ಗನ್‌ಗೆ ಸಂಬಂಧವಿಲ್ಲದ ಒಂದು ಹಳೇ ಕತೆ ಇದಕ್ಕೆಲ್ಲ ಬುಡ. 1952ರಲ್ಲಿ ಕೊರಿಯಾ ಯುದ್ಧ ನಡೆಯುತ್ತಿತ್ತು. ಉಕ್ಕಿನ ಕಾರ್ಖಾನೆಗಳಲ್ಲಿ ಮುಷ್ಕರ ಆಗುತ್ತದೆ ಅಂತ ಅಧ್ಯಕ್ಷ ಟ್ರೂಮನ್ ಅವನ್ನೆಲ್ಲ ಸರ್ಕಾರದ ವಶಕ್ಕೆ ತೆಗೆದುಕೊಳ್ಳಲು ಆದೇಶ ಹೊರಡಿಸಿದರು. ಸುಪ್ರೀಂ ಕೋರ್ಟ್ 6–3ರಲ್ಲಿ ಹೊಡೆದು ಹಾಕಿತು. ಆಗ ನ್ಯಾಯಮೂರ್ತಿ ಜಾಕ್ಸನ್ ಹಾಕಿಕೊಟ್ಟ ಲೆಕ್ಕ ಇವತ್ತಿಗೂ ನಡೆಯುತ್ತದೆ. ಕಾಂಗ್ರೆಸ್, ಅಂದರೆ ಇಲ್ಲಿಯ ಸಂಸತ್ತು, ಬೆನ್ನಿಗಿದ್ದರೆ ಅಧ್ಯಕ್ಷರ ಕೈ ಗಟ್ಟಿ. ಕಾಂಗ್ರೆಸ್ ಏನೂ ಹೇಳದೆ ಸುಮ್ಮನಿದ್ದರೆ ಮಬ್ಬು ಬೆಳಕು. ಕಾಂಗ್ರೆಸ್ ಬೇಡ ಅಂದದ್ದನ್ನು ಮಾಡಲು ಹೋದರೆ ಬಲ ತೀರಾ ಕಮ್ಮಿ.

ನಿಮ್ಮ ಸಹೋದ್ಯೋಗಿ ಹೇಳುವ ಈಗಿನವರ ಸಹಿ 2025ರ ಫೆಬ್ರವರಿ 7ರದ್ದು. ಅದರಲ್ಲಿ ಇರೋದಿಷ್ಟು: ಹಿಂದಿನ ನಾಲ್ಕು ವರ್ಷ ಗನ್ ಬಗ್ಗೆ ಮಾಡಿದ್ದನ್ನೆಲ್ಲ ಪರಿಶೀಲಿಸಿ ವರದಿ ಕೊಡಿ ಅಂತ ನ್ಯಾಯ ಇಲಾಖೆಯ ಮುಖ್ಯಸ್ಥರಾದ ಅಟಾರ್ನಿ ಜನರಲ್‌ಗೆ ಹೇಳಿದ್ದು. ಪರಿಶೀಲಿಸಿ ಅಂದದ್ದಕ್ಕೇ ಇಷ್ಟು ಪಟಾಕಿ.

ರೇಂಜಿಗೆ ಹೋಗಿ ಬನ್ನಿ, ಮಜಾ ಇರುತ್ತದೆ.

ಕಾಫಿತೋಟದ_ಮಗಳು

ಮಂಡ್ಯದವರೇ, ನಿಮ್ಮ ಕೊನೇ ಸಾಲು ಬಿಟ್ಟು ಉಳಿದದ್ದೆಲ್ಲ ಸರಿ. ಆ ಕೊನೇ ಸಾಲು ಅಪಾಯ. ಶನಿವಾರ ಹತ್ತಿರ ಇರುವುದರಿಂದ ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಪ್ಲೇನೋದವರೇ, ಹೋದರೂ ಗನ್ ಕೈಗೆ ತೆಗೆದುಕೊಳ್ಳಬೇಡಿ. ಎಚ್-1ಬಿ ಥರದ ವೀಸಾದಲ್ಲಿ ಇರುವವರು ಗನ್ ಆಗಲಿ ತೋಟೆ ಆಗಲಿ ಇಟ್ಟುಕೊಳ್ಳುವ ಹಾಗಿಲ್ಲ. ಇದು ಫೆಡರಲ್, ಅಂದರೆ ಇಡೀ ದೇಶದ ಕಾನೂನು, 1968ರ ಗನ್ ಕಂಟ್ರೋಲ್ ಆಕ್ಟ್‌ಗೆ 1998ರಲ್ಲಿ ಸೇರಿಸಿದ್ದು. ರೇಂಜಿನಲ್ಲಿ ಹತ್ತು ನಿಮಿಷ ಬಾಡಿಗೆಗೆ ಹಿಡಿದರೂ ಇಟ್ಟುಕೊಂಡ ಲೆಕ್ಕವೇ. ಶಿಕ್ಷೆ 15 ವರ್ಷದವರೆಗೆ ಇದೆ, ವೀಸಾ ಕತೆ ಬೇರೆ. ನಿಮಗೆ ಸುಲಭವಾಗಿ ಸಿಗುವ ದಾರಿ ಒಂದೇ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಕೈಯಲ್ಲಿದ್ದರೆ ಆಗ ತೊಂದರೆಯಿಲ್ಲ. ಟೆಕ್ಸಾಸ್‌ನಲ್ಲಿ ಲೈಸೆನ್ಸೇ ಇಲ್ಲದೆ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುವವರನ್ನು ನೋಡಿ ಮೋಸ ಹೋಗಬೇಡಿ. ಅದು ಅವರಿಗೆ.

ಇನ್ನು ದೊಡ್ಡ ಪ್ರಶ್ನೆ. ನಾನು ಲಾಯರ್ ಅಲ್ಲ, ಆಸ್ಪತ್ರೆ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಆದರೆ ನ್ಯೂ ಮೆಕ್ಸಿಕೋದ ಅಲ್ಬುಕರ್ಕಿಯಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಗವರ್ನರ್ ಒಂದು ಆದೇಶದಲ್ಲಿ ಗನ್ ನಿಲ್ಲಿಸಲು ಹೋದರೆ ಏನಾಗುತ್ತದೆ ಅನ್ನುವುದನ್ನು ಇಲ್ಲಿ ಒಂದು ವಾರ ಕಣ್ಣಾರೆ ನೋಡಿದ್ದೇನೆ.

ಸೆಪ್ಟೆಂಬರ್ ಬಂತೆಂದರೆ ನಮ್ಮೂರಲ್ಲಿ ಹಸಿಮೆಣಸಿನಕಾಯಿ ಸುಡುವ ಕಾಲ. ಅಂಗಡಿಗಳ ಮುಂದೆ ಕಬ್ಬಿಣದ ಜಾಲರಿಯ ಪೀಪಾಯಿ ಗರಗರ ತಿರುಗುತ್ತಿರುತ್ತದೆ, ಪಕ್ಕದಿಂದ ಗ್ಯಾಸಿನ ಉರಿ, ಪಾರ್ಕಿಂಗ್ ಜಾಗವೆಲ್ಲ ಘಾಟು. 2023ರ ಸೆಪ್ಟೆಂಬರ್ 8, ಶುಕ್ರವಾರ. ಒಂದು ಮೂಟೆ ಮೆಣಸಿನಕಾಯಿಗೆ ಸಾಲಲ್ಲಿ ನಿಂತಿದ್ದೆ. ನನ್ನ ಮುಂದೆ ನಿಂತಿದ್ದ ಅಜ್ಜನ ಫೋನ್ ಕಿಣಿಕಿಣಿ ಅಂದಿತು. ಓದಿದವನು ಒಂದು ಸಲ ತನ್ನ ಸೊಂಟ ನೋಡಿಕೊಂಡ. ಅಲ್ಲಿ ಚರ್ಮದ ಚೀಲದಲ್ಲಿ ಪಿಸ್ತೂಲಿತ್ತು. ಆಮೇಲೆ ನನ್ನ ಮುಖ ನೋಡಿ ನಕ್ಕ. ಈ ರಾಜ್ಯದಲ್ಲಿ ಕಾಣುವ ಹಾಗೆ ಇಟ್ಟುಕೊಳ್ಳಲು ಪರವಾನಗಿ ಬೇಕಿಲ್ಲ. ಬೆಳಗ್ಗೆ ಮನೆ ಬಿಡುವಾಗ ಕಾನೂನಿನಂತೆ ಇದ್ದ ಮನುಷ್ಯ, ಮೆಣಸಿನಕಾಯಿ ಸುಟ್ಟು ಮುಗಿಯುವಷ್ಟರಲ್ಲಿ ದಂಡ ಕಟ್ಟಬೇಕಾದವನು!

ಗವರ್ನರ್ ಮಿಶೆಲ್ ಲುಹಾನ್ ಗ್ರಿಶಮ್ ಮಾಡಿದ್ದು ಇದು. ಅಲ್ಬುಕರ್ಕಿ ಮತ್ತು ಸುತ್ತಲ ಬರ್ನಲೀಯೊ ಕೌಂಟಿಯಲ್ಲಿ (ನಮ್ಮ ಜಿಲ್ಲೆ ಥರ) 30 ದಿನ ಯಾರೂ ಹೊರಗೆ ಗನ್ ಇಟ್ಟುಕೊಂಡು ಓಡಾಡಬಾರದು. ಪರವಾನಗಿ ಇದ್ದರೂ ಇಲ್ಲ. ಸಾಗಿಸಬೇಕಿದ್ದರೆ ಬೀಗ ಹಾಕಿದ ಪೆಟ್ಟಿಗೆಯಲ್ಲಿ. ದಂಡ 5,000 ಡಾಲರ್‌ವರೆಗೆ. ಸುಮ್ನೆ ಮಾಡಿದ್ದಲ್ಲ. ಎರಡು ದಿನದ ಹಿಂದಷ್ಟೇ ಬೇಸ್‌ಬಾಲ್ ಆಟ ನೋಡಿ ಮನೆಗೆ ಹೊರಟಿದ್ದ ಹನ್ನೊಂದು ವರ್ಷದ ಹುಡುಗನನ್ನು ಯಾರೋ ಕಾರಿಗೆ ಗುಂಡು ಹಾರಿಸಿ ಕೊಂದಿದ್ದರು. ಊರಿಗೆ ಊರೇ ಕುದಿಯುತ್ತಿತ್ತು. ನಾನೂ ಕುದಿಯುತ್ತಿದ್ದೆ. ಆದೇಶ ಓದಿದಾಗ ಮೊದಲು ಅನ್ನಿಸಿದ್ದು, ಸದ್ಯ ಯಾರೋ ಏನೋ ಮಾಡಿದರಲ್ಲ ಅಂತ.

ಆದರೆ ಆಧಾರ ಏನಿತ್ತು ಗೊತ್ತಾ? ಸಾರ್ವಜನಿಕ ಆರೋಗ್ಯದ ತುರ್ತು ಪರಿಸ್ಥಿತಿ. ಕೋವಿಡ್‌ನಲ್ಲಿ ಅಂಗಡಿ ಮುಚ್ಚಿಸಿದ್ದ ಅದೇ ಅಸ್ತ್ರ.

ಆಮೇಲಿನ ಒಂದು ವಾರ ಹೀಗಿತ್ತು. ನಗರ ಪೊಲೀಸರು, ಇದನ್ನು ಜಾರಿ ಮಾಡುವುದು ರಾಜ್ಯದವರ ಕೆಲಸ ಅಂದರು. ಕೌಂಟಿಯ ಪೊಲೀಸ್ ಮುಖ್ಯಸ್ಥ, ಶೆರಿಫ್ ಜಾನ್ ಆಲನ್ ನಾನಂತೂ ಮಾಡಲ್ಲ ಅಂದರು. ಭಾನುವಾರ ಹಳೇ ಪೇಟೆಯ ಚೌಕದಲ್ಲಿ ಜನ ಸೊಂಟಕ್ಕೆ, ಹೆಗಲಿಗೆ ಗನ್ ಹಾಕಿಕೊಂಡೇ ಬಂದು ಸೇರಿದರು. ರಾಜ್ಯದ ಪರ ವಾದಿಸಬೇಕಾದ ಅಟಾರ್ನಿ ಜನರಲ್ ರಾವುಲ್ ಟೋರೆಸ್, ಗವರ್ನರ್ ಪಕ್ಷದವರೇ, ಈ ಆದೇಶದ ಪರ ಕೋರ್ಟಿನಲ್ಲಿ ವಾದ ಮಾಡಲ್ಲ ಅಂತ ಪತ್ರ ಬರೆದರು. 13ರ ಬುಧವಾರ ಫೆಡರಲ್ ನ್ಯಾಯಾಧೀಶ ಡೇವಿಡ್ ಉರಿಯಾಸ್ ತಡೆ ಕೊಟ್ಟರು. ಅವರನ್ನು ನೇಮಿಸಿದ್ದು ಗವರ್ನರ್ ಪಕ್ಷದವರೇ ಆದ ಬೈಡನ್. 15ರ ಶುಕ್ರವಾರ ಗವರ್ನರ್ ಆದೇಶವನ್ನು ಪಾರ್ಕು ಮತ್ತು ಮಕ್ಕಳ ಆಟದ ಮೈದಾನಕ್ಕೆ ಇಳಿಸಿದರು. ಶುಕ್ರವಾರದಿಂದ ಶುಕ್ರವಾರ. ನಾನು ತಂದ ಮೆಣಸಿನಕಾಯಿ ಸಿಪ್ಪೆ ಸುಲಿದು ಫ್ರೀಜರ್‌ಗೆ ಹಾಕಿ ಮುಗಿದಿರಲಿಲ್ಲ.

ಆದೇಶ ಬಿದ್ದದ್ದು ಕೋರ್ಟಿನಲ್ಲಿ, ನಿಜ. ಕೋರ್ಟು ಹಿಡಿದದ್ದು ಸಂವಿಧಾನವನ್ನು, ಅದರಲ್ಲೂ ಮನೆಯ ಹೊರಗೂ ಗನ್ ಇಟ್ಟುಕೊಳ್ಳುವುದು ಹಕ್ಕು ಅಂದ ಸುಪ್ರೀಂ ಕೋರ್ಟಿನ 2022ರ ಬ್ರೂಯೆನ್ ತೀರ್ಪನ್ನು. ಅದಕ್ಕೆ ಪಕ್ಕದಲ್ಲೇ ಇನ್ನೊಂದು ಬೇಲಿ ಇದೆ, ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡಲ್ಲ. ಅದು ಶಾಸನಸಭೆ ಹಾಕಿದ ಬೇಲಿ. 2005ರ ಕತ್ರಿನಾ ಚಂಡಮಾರುತದಲ್ಲಿ ನ್ಯೂ ಆರ್ಲಿಯನ್ಸ್ ಮುಳುಗಿದಾಗ ಅಲ್ಲಿಯ ಪೊಲೀಸ್ ಮುಖ್ಯಸ್ಥರು, ಇನ್ನು ಪೊಲೀಸರನ್ನು ಬಿಟ್ಟು ಯಾರ ಹತ್ತಿರವೂ ಗನ್ ಇರಬಾರದು ಅಂತ ಸಾರಿದರು. ಮನೆ ಮನೆಗೆ ಹೋಗಿ ನೂರಾರು ಗನ್ ಕಿತ್ತುಕೊಂಡರು, ಹೆಚ್ಚಿನವಕ್ಕೆ ರಸೀದಿಯೂ ಇಲ್ಲ. ಮರುವರ್ಷ, 2006ರಲ್ಲಿ, ಕಾಂಗ್ರೆಸ್ ವಿಪತ್ತು ಪರಿಹಾರದ ಕಾನೂನಿಗೇ ಒಂದು ತುಂಡು ಸೇರಿಸಿತು. ಪ್ರವಾಹ, ಬಿರುಗಾಳಿ ಏನೇ ಬರಲಿ, ಫೆಡರಲ್ ಅಧಿಕಾರಿಗಳಾಗಲಿ ಫೆಡರಲ್ ಹಣದಲ್ಲಿ ಕೆಲಸ ಮಾಡುವವರಾಗಲಿ, ಕಾನೂನಿನಂತೆ ಗನ್ ಇಟ್ಟುಕೊಂಡವರಿಂದ ಕಸಿಯುವ ಹಾಗಿಲ್ಲ. ಅದರಲ್ಲಿ ಒಂದೇ ಒಂದು ಸಣ್ಣ ಬಿಡುವು ಇದೆ, ನನಗೆ ಅದು ತುಂಬ ಇಷ್ಟ. ರಕ್ಷಣಾ ದೋಣಿಯೋ ಬಸ್ಸೋ ಹತ್ತಿಸಿಕೊಳ್ಳುವಾಗ ಗನ್ ಕೊಟ್ಟು ಹತ್ತು ಅನ್ನಬಹುದು. ಇಳಿದ ಮೇಲೆ ವಾಪಸ್ ಕೊಡಬೇಕು. ನೀರಲ್ಲಿ ನಿಂತು ಯೋಚನೆ ಮಾಡಿದವರು ಬರೆದ ಹಾಗಿದೆ.

ನಿಮ್ಮ ಟೆಕ್ಸಾಸ್‌ದೂ ಹೇಳುತ್ತೇನೆ. ಅಲ್ಲಿ ವಿಪತ್ತು ಘೋಷಣೆಯಾದಾಗ ಮದ್ಯ, ಗನ್, ಸ್ಫೋಟಕ ಇವುಗಳ ಮಾರಾಟ ಮತ್ತು ಸಾಗಾಟ ತಡೆಯುವ ಅಧಿಕಾರ ಗವರ್ನರ್‌ಗೆ ಇತ್ತು. ಕೋವಿಡ್‌ನಲ್ಲಿ ಬೇರೆ ಕೆಲವು ರಾಜ್ಯಗಳಲ್ಲಿ ಗನ್ ಅಂಗಡಿ ಮುಚ್ಚಿಸಿದ್ದನ್ನು ನೋಡಿದ ಟೆಕ್ಸಾಸ್ ಶಾಸನಸಭೆ 2021ರಲ್ಲಿ ಆ ಸಾಲಿನಿಂದ ಗನ್ ಪದವನ್ನು ತೆಗೆದುಬಿಟ್ಟಿತು. ಮದ್ಯ ಹಾಗೇ ಉಳಿದಿದೆ. ಅಂದರೆ ಚಂಡಮಾರುತ ಬಂದರೆ ನಿಮ್ಮ ಸಹೋದ್ಯೋಗಿಯ ಬಿಯರ್‌ಗೆ ಅಪಾಯ ಜಾಸ್ತಿ.

ಇನ್ನು ಅಧ್ಯಕ್ಷರ ಮಟ್ಟ. ಅಲ್ಲಿ ಎಲ್ಲ ನಿಲ್ಲುವುದು ಹಳೇ ಕಾನೂನಿನ ಒಂದೊಂದು ಶಬ್ದದ ಮೇಲೆ. 2017ರ ಅಕ್ಟೋಬರ್ 1ರಂದು ಲಾಸ್ ವೇಗಸ್‌ನಲ್ಲಿ ಒಬ್ಬ ಹೋಟೆಲ್ ಕಿಟಕಿಯಿಂದ ಸಂಗೀತ ಕಾರ್ಯಕ್ರಮದ ಮೇಲೆ ಗುಂಡು ಸುರಿಸಿದ, 60 ಜನ ಸತ್ತರು. ಅವನು ಬಳಸಿದ್ದು ಬಂಪ್ ಸ್ಟಾಕ್. ಗನ್ನಿನ ಹೆಗಲಿಗೆ ಆನಿಸುವ ಭಾಗದ ಬದಲಿಗೆ ಹಾಕುವ ಜೋಡಣೆ ಅದು. ಈಡು ಹಾರಿದಾಗ ಗನ್ ಹಿಂದಕ್ಕೆ ಒದೆಯುತ್ತದಲ್ಲ, ಆ ಒದೆತಕ್ಕೆ ಗನ್ ಹಿಂದೆ ಜಾರಿ, ಇನ್ನೊಂದು ಕೈ ಮುಂದಕ್ಕೆ ತಳ್ಳುತ್ತಿರುವುದರಿಂದ ಮತ್ತೆ ಮುಂದೆ ಬಂದು, ಅಲ್ಲಾಡದೆ ನಿಂತ ಬೆರಳಿಗೆ ಟ್ರಿಗರ್ ಮತ್ತೆ ಮತ್ತೆ ತಾಗುತ್ತದೆ. ನಿಷೇಧ ಮಾಡಿ ಅಂತ ಇಲಾಖೆಗೆ ಹೇಳಿದ್ದು ಟ್ರಂಪ್! 2018ರಲ್ಲಿ. ಇದನ್ನು ನಿಮ್ಮ ಸಹೋದ್ಯೋಗಿಗೆ ಹೇಳಿ ನೋಡಿ, ಊಟ ಅರ್ಧಕ್ಕೆ ನಿಲ್ಲುತ್ತದೆ. ಗನ್ ಕಾನೂನು ನೋಡಿಕೊಳ್ಳುವ ಫೆಡರಲ್ ಇಲಾಖೆ ಎಟಿಎಫ್, ಇದು ಮೆಷಿನ್ ಗನ್ನೇ ಅಂತ ನಿಯಮ ಮಾಡಿತು. 2019ರ ಮಾರ್ಚ್‌ನಿಂದ ಇದ್ದವರೆಲ್ಲ ಒಡೆದು ಹಾಕಬೇಕು ಇಲ್ಲ ಒಪ್ಪಿಸಬೇಕು. ಅದೇ ಇಲಾಖೆ ಅದಕ್ಕೆ ಮೊದಲು ಹತ್ತು ವರ್ಷ, ಇದು ಮೆಷಿನ್ ಗನ್ ಅಲ್ಲ ಅಂತ ಪತ್ರ ಕೊಡುತ್ತಾ ಬಂದಿತ್ತು.

ಆಸ್ಟಿನ್‌ನಲ್ಲಿ ಗನ್ ಅಂಗಡಿ ಇಟ್ಟಿರುವ ಮೈಕಲ್ ಕಾರ್ಗಿಲ್ ಎರಡು ಬಂಪ್ ಸ್ಟಾಕ್ ಒಪ್ಪಿಸಿ ನೇರ ಕೋರ್ಟಿಗೆ ಹೋದರು. 2024ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 6–3ರಲ್ಲಿ ಅವರ ಪರ ನಿಂತಿತು. ಸೆಕೆಂಡ್ ಅಮೆಂಡ್‌ಮೆಂಟ್, ಅಂದರೆ ಗನ್ ಹಕ್ಕು ಕೊಡುವ ಸಂವಿಧಾನದ ಎರಡನೇ ತಿದ್ದುಪಡಿ, ಅದರ ಮಾತೇ ಅಲ್ಲಿ ಬರಲಿಲ್ಲ. 1934ರ ಕಾನೂನಿನ ಪ್ರಕಾರ ಮೆಷಿನ್ ಗನ್ ಅಂದರೆ ಟ್ರಿಗರ್ ಒಂದು ಸಲ ಕೆಲಸ ಮಾಡಿದರೆ ತಾನಾಗಿ ಒಂದಕ್ಕಿಂತ ಹೆಚ್ಚು ಈಡು ಹಾರಬೇಕು. ಬಂಪ್ ಸ್ಟಾಕ್‌ನಲ್ಲಿ ಪ್ರತಿ ಈಡಿಗೂ ಟ್ರಿಗರ್ ಬೇರೆ ಬೇರೆಯಾಗಿ ಒತ್ತುತ್ತದೆ. ಅಷ್ಟೇ ವಾದ. ಬೇಕಿದ್ದರೆ ಕಾಂಗ್ರೆಸ್ ಕಾನೂನು ತಿದ್ದಲಿ ಅಂತ ನ್ಯಾಯಮೂರ್ತಿ ಅಲಿಟೋ ಬೇರೆ ಬರೆದರು. ಕಾಂಗ್ರೆಸ್ ತಿದ್ದಲಿಲ್ಲ.

ಮನೆಯಲ್ಲೇ ಜೋಡಿಸುವ, ನಂಬರ್ ಇಲ್ಲದ ಘೋಸ್ಟ್ ಗನ್ ಕಿಟ್‌ಗಳಿಗೆ ಬೈಡನ್ ಕಾಲದಲ್ಲಿ ಇದೇ ಎಟಿಎಫ್ 2022ರಲ್ಲಿ ನಿಯಮ ಮಾಡಿತು. ಅದನ್ನು ಅದೇ ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ 7–2ರಲ್ಲಿ ಎತ್ತಿ ಹಿಡಿಯಿತು. ಯಾಕೆ? ಸುಲಭವಾಗಿ ಗನ್ ಆಗಿ ಮಾರ್ಪಡಿಸಬಹುದಾದದ್ದೂ ಗನ್ನೇ ಅಂತ 1968ರ ಕಾನೂನಿನಲ್ಲೇ ಇದೆ. ಅಧ್ಯಕ್ಷರಿಗೆ ಎಷ್ಟು ಸಿಟ್ಟು ಬಂದಿದೆ, ಎಷ್ಟು ಜನ ಸತ್ತಿದ್ದಾರೆ ಅನ್ನುವುದನ್ನು ಕೋರ್ಟ್ ಅಳೆಯಲಿಲ್ಲ. ಶಾಸನಸಭೆ ಅವತ್ತು ಬರೆದ ಹಗ್ಗ ಎಷ್ಟು ಉದ್ದವೋ ಅಷ್ಟು ದೂರ ಮೇಯಬಹುದು. ವಾಟ್ಸಾಪ್‌ನ ಆ ಇಬ್ಬರಿಗೂ ನನ್ನ ಉತ್ತರ ಇದೇ.

ರಾತ್ರಿಪಾಳಿ

ಅಕ್ಕ, ಚೆನ್ನಾಗಿ ಬರೆದಿದ್ದೀರಿ. ಆದರೂ ಒಂದು ಮಾತು. ನಾನು ಶಿಕಾಗೋದಲ್ಲಿ ಎಮರ್ಜೆನ್ಸಿ ವಾರ್ಡಿನ ನರ್ಸ್. ಬೇಸಿಗೆಯ ಶನಿವಾರ ರಾತ್ರಿ ಪಾಳಿ ಇದ್ದರೆ ಊಟದ ಡಬ್ಬಿ ತೆಗೆಯುವುದೇ ಇಲ್ಲ, ತಿನ್ನಲು ಹೊತ್ತು ಸಿಗಲ್ಲ ಅಂತ ಗೊತ್ತು.

ಶಾಸನಸಭೆ ಬೇಲಿ ಹಾಕುತ್ತದೆ, ಸರಿ. ಬೇಲಿ ಒಳಗೆ ಅದು ಏನಾದರೂ ಬೆಳೆಯುತ್ತದಾ? 1996ರಲ್ಲಿ ಕಾಂಗ್ರೆಸ್ ಸಿಡಿಸಿಗೆ, ಅಂದರೆ ಇಲ್ಲಿಯ ರೋಗ ನಿಯಂತ್ರಣ ಕೇಂದ್ರಕ್ಕೆ ಹೇಳಿತು, ಗನ್ ನಿಯಂತ್ರಣದ ಪರ ವಾದ ಮಾಡಲು ಒಂದು ಪೈಸೆ ಖರ್ಚು ಮಾಡಬೇಡಿ ಅಂತ. ಅದುವರೆಗೆ ಗನ್ ಗಾಯಗಳ ಅಧ್ಯಯನಕ್ಕೆ ಹೋಗುತ್ತಿದ್ದ 26 ಲಕ್ಷ ಡಾಲರನ್ನೂ ಬಜೆಟ್‌ನಿಂದ ಕಡಿಯಿತು. ಬರೆದದ್ದು ವಾದ ಮಾಡಬೇಡಿ ಅಂತ, ಇಲಾಖೆಯವರು ಹೆದರಿ ಸಂಶೋಧನೆಯನ್ನೇ ಹೆಚ್ಚುಕಡಿಮೆ ಬಿಟ್ಟರು. ಸಂಶೋಧನೆ ಮಾಡಬಹುದು ಅಂತ ಬಾಯಿಬಿಟ್ಟು ಹೇಳಲು 2018 ಬರಬೇಕಾಯಿತು. ಸಿಡಿಸಿಗೂ ಸರ್ಕಾರಿ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ಗೂ ಸೇರಿ 2.5 ಕೋಟಿ ಡಾಲರ್ ಸಿಕ್ಕಿದ್ದು 2019ರ ಕೊನೆಯಲ್ಲಿ. ಇಷ್ಟು ವರ್ಷ ಗಾಯ ಹೊಲಿದವರು ನಾವು. ನಿಮ್ಮ ಗವರ್ನರ್ ತಪ್ಪು ದಾರಿ ಹಿಡಿದಿರಬಹುದು, ಆದರೆ ಆ ಸಿಟ್ಟು ನನಗೆ ಅರ್ಥವಾಗುತ್ತದೆ.

ಕಾಫಿತೋಟದ_ಮಗಳು

ನಿಮ್ಮ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ ತಂಗಿ. ನಮ್ಮಲ್ಲಿ ಅದಾದ ಮೇಲೆ ಏನಾಯಿತು ಅನ್ನುವುದನ್ನು ಹೇಳುತ್ತೇನೆ. 2024ರಲ್ಲಿ ನ್ಯೂ ಮೆಕ್ಸಿಕೋ ಶಾಸನಸಭೆಯೇ ಒಂದು ಕಾನೂನು ಮಾಡಿತು. ಗನ್ ಕೊಂಡರೆ ಕೈಗೆ ಬರಲು ಏಳು ದಿನ ಕಾಯಬೇಕು. ಚರ್ಚೆಯಾಯಿತು, ಓಟಾಯಿತು, ಗವರ್ನರ್ ಸಹಿ ಹಾಕಿದರು, ಎಲ್ಲ ಕ್ರಮವಾಗಿ. ನನಗೆ ಸಮಾಧಾನ ಆಗಿತ್ತು. 2025ರ ಆಗಸ್ಟ್‌ನಲ್ಲಿ ಫೆಡರಲ್ ಮೇಲ್ಮನವಿ ಕೋರ್ಟ್ 2–1ರಲ್ಲಿ, ಇದೂ ಸೆಕೆಂಡ್ ಅಮೆಂಡ್‌ಮೆಂಟ್‌ಗೆ ವಿರುದ್ಧ ಇರುವ ಹಾಗೆ ಕಾಣುತ್ತದೆ ಅಂತ ತಡೆಯಿತು. ಆದರೂ ಆದೇಶ ಒಂದು ವಾರ ಬಾಳಲಿಲ್ಲ, ಕಾನೂನು ವರ್ಷದ ಮೇಲೆ ನಡೆಯಿತು. ಆ ವರ್ಷದಲ್ಲಿ ಸಿಟ್ಟಿನಲ್ಲಿ ಅಂಗಡಿಗೆ ಹೋದವರು ಏಳು ದಿನ ಕಾದಿರುತ್ತಾರೆ. ನನಗೆ ಅಷ್ಟು ಸಾಕು ಅನ್ನಿಸುತ್ತದೆ, ನಿಮಗೆ ಸಾಲದೇ ಇರಬಹುದು.

ಹಣದ ಮೂಲಕ ಕೈ ಕಟ್ಟುವುದಕ್ಕೆ ನಿಮ್ಮದಕ್ಕಿಂತ ವಿಚಿತ್ರದ್ದು ಒಂದಿದೆ. ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗ್‌ನಲ್ಲಿ ಎಟಿಎಫ್‌ನ ಒಂದು ಕಚೇರಿ ಇದೆ. ಅಪರಾಧದಲ್ಲಿ ಸಿಕ್ಕ ಗನ್ ಮೊದಲು ಯಾರಿಗೆ ಮಾರಾಟವಾಗಿತ್ತು ಅಂತ ಪೊಲೀಸರಿಗೆ ಹುಡುಕಿ ಕೊಡುವ ಜಾಗ. ಮುಚ್ಚಿದ ಗನ್ ಅಂಗಡಿಗಳ ಪುಸ್ತಕಗಳೆಲ್ಲ ಪೆಟ್ಟಿಗೆ ಪೆಟ್ಟಿಗೆಯಾಗಿ ಅಲ್ಲಿಗೆ ಬರುತ್ತವೆ. ಆದರೆ ಗನ್ ಮಾಲೀಕರ ರಾಷ್ಟ್ರೀಯ ಪಟ್ಟಿ ಆಗಬಾರದು ಅಂತ 1986ರ ಕಾನೂನಿದೆ. ಅದಕ್ಕೂ ಮೊದಲೇ, 1979ರಿಂದ, ದಾಖಲೆಗಳನ್ನು ಒಂದೆಡೆ ಒಟ್ಟು ಮಾಡಲು ಹಣ ಬಳಸಬಾರದು ಅಂತ ಬಜೆಟ್ಟಿನಲ್ಲೇ ಸಾಲು ಬರೆದಿದ್ದಾರೆ. ಹಾಗಾಗಿ ಹೆಸರು ಟೈಪ್ ಮಾಡಿ ಹುಡುಕುವ ವ್ಯವಸ್ಥೆ ಇಟ್ಟುಕೊಳ್ಳುವ ಹಾಗಿಲ್ಲ. ಪುಟಗಳ ಫೋಟೋ ತೆಗೆದು, ಆ ಫೋಟೋಗಳನ್ನು ಒಂದೊಂದಾಗಿ ಸರಿಸುತ್ತಾ ಕಣ್ಣಲ್ಲೇ ಹುಡುಕುತ್ತಾರೆ. ಯಾವ ಅಧ್ಯಕ್ಷರು ಬಂದರೂ ಸಹಿ ಹಾಕಿ ಆ ಕಂಪ್ಯೂಟರ್‌ಗೆ ಸರ್ಚ್ ಬಟನ್ ಕೊಡಿಸಲಾರರು.

ಬೇಲಿ ಹಾಕಿದರೂ ಪಕ್ಕದಲ್ಲಿ ಉಣುಗೋಲು ತೆಗೆಯುವವರು ಇದ್ದೇ ಇರುತ್ತಾರೆ. ಶಿಕ್ಷೆಯಾದ ಕಾರಣ ಗನ್ ಹಕ್ಕು ಕಳೆದುಕೊಂಡವರ ಅರ್ಜಿ ನೋಡಲು ಎಟಿಎಫ್ ಹಣ ಖರ್ಚು ಮಾಡಬಾರದು ಅಂತ ಕಾಂಗ್ರೆಸ್ 1992ರಿಂದ ಪ್ರತಿ ಸಲ ಹೇಳುತ್ತಾ ಬಂದಿತ್ತು. 2025ರ ಮಾರ್ಚ್‌ನಲ್ಲಿ ನ್ಯಾಯ ಇಲಾಖೆ ಏನು ಮಾಡಿತು? ಆ ಕೆಲಸವನ್ನೇ ಎಟಿಎಫ್‌ನಿಂದ ವಾಪಸ್ ತೆಗೆದುಕೊಂಡಿತು. ಹಣ ಬಳಸಬಾರದು ಅಂದದ್ದು ಎಟಿಎಫ್‌ಗೆ ತಾನೇ, ನಮಗಲ್ಲವಲ್ಲ ಅಂತ. ಎರಡೂ ಪಕ್ಷದವರಿಗೆ ಈ ವಿದ್ಯೆ ಬರುತ್ತದೆ.

ಇಷ್ಟೆಲ್ಲ ನಾನು ಯಾಕೆ ಓದಿಕೊಂಡು ಕೂತೆ ಅಂದರೆ ನಮ್ಮಪ್ಪನ ಕೋವಿಯಿಂದ. ಮಲೆನಾಡಿನಲ್ಲಿ ನಾಲ್ಕು ಎಕರೆ ಕಾಫಿ, ಸ್ವಲ್ಪ ಅಡಿಕೆ, ಬಾಳೆ. ಮಂಗ, ಹಂದಿ ಕಾಟಕ್ಕೆ ಒಂದು ಒಂಟಿ ನಳಿಗೆ ಕೋವಿ. ಬೆಳೆ ರಕ್ಷಣೆ ಲೈಸೆನ್ಸ್. ಹೊಡೆಯುವುದಕ್ಕಿಂತ ಸದ್ದು ಮಾಡುವುದಕ್ಕೇ ಜಾಸ್ತಿ. ಚುನಾವಣೆ ಬಂತೆಂದರೆ ಠಾಣೆಗೆ ಒಯ್ದು ಡೆಪಾಸಿಟ್ ಮಾಡಬೇಕು. ಯಾರ ಕೋವಿಯಿಂದ ಅಪಾಯ ಅಂತ ಸಮಿತಿ ಕೂತು ಒಬ್ಬೊಬ್ಬರದ್ದೂ ನೋಡಬೇಕು ಅಂತ ಚುನಾವಣಾ ಆಯೋಗದ ಸೂಚನೆಯಲ್ಲೇ ಇದೆ. ನಮ್ಮ ಕಡೆ ಅದೆಲ್ಲ ಇಲ್ಲ, ಫೋನ್ ಬರುತ್ತದೆ, ತಂದಿಡಿ. ವಿಧಾನಸಭೆಗೊಮ್ಮೆ, ಲೋಕಸಭೆಗೊಮ್ಮೆ, ಪಂಚಾಯಿತಿಗೊಮ್ಮೆ. ಒಂದು ಸಲ ಮಳೆಗಾಲ ಕಳೆದ ಮೇಲೆ ವಾಪಸ್ ಸಿಕ್ಕಿತು. ಬಟ್ಟೆ ಸುತ್ತಿ ಕೊಟ್ಟಿದ್ದ ಕೋವಿ ಬರಿ ಮೈಯಲ್ಲಿ ಬಂತು, ನಳಿಗೆ ಒಳಗೆ ಕೆಂಪು ತುಕ್ಕು. ಅಪ್ಪ ಜಗಲಿಯಲ್ಲಿ ಕೂತು ಉದ್ದ ಕಡ್ಡಿಗೆ ಹಳೇ ಪಂಚೆ ಚೂರು ಸುತ್ತಿ, ಎಣ್ಣೆ ಅದ್ದಿ ಉಜ್ಜಿದ್ದೇ ಉಜ್ಜಿದ್ದು. ಯಾರನ್ನೂ ಬೈಯಲಿಲ್ಲ. ಅವರಿಗೆ ಬೈಯಬಹುದು ಅಂತಲೇ ಗೊತ್ತಿರಲಿಲ್ಲ. ಕೋರ್ಟಿಗೆ ಹೋಗುವುದು ದೂರದ ಮಾತು.

ಮೆಣಸಿನಕಾಯಿ ಸಾಲಿನ ಆ ಅಜ್ಜ ನಕ್ಕದ್ದು ಯಾಕೆ ಅಂತ ನನಗೆ ಅರ್ಥವಾಗಲು ಈ ತುಕ್ಕು ನೆನಪಾಗಬೇಕಾಯಿತು. ಆದೇಶ ಕೂಡಲೇ ಬೀಳುತ್ತದೆ ಅಂತ ಅವನಿಗೆ ಗ್ಯಾರಂಟಿ ಇತ್ತು.

ಕಾಪಿ_ಕರಿಮೆಣಸು

ಕೊಡಗಿನಿಂದ ಒಂದು ಸೇರ್ಪಡೆ. ನಮ್ಮ ಕೋವಿಗೆ ಲೈಸೆನ್ಸ್ ಬೇಡ ಅಂತ ಎಲ್ಲರಿಗೂ ಗೊತ್ತು. ಯಾಕೆ ಬೇಡ ಅಂತ ಕೇಳಿದರೆ ನಮ್ಮವರಲ್ಲೇ ತುಂಬ ಜನ ಅದು ಹುಟ್ಟಿನಿಂದ ಬಂದ ಹಕ್ಕು ಅಂತಾರೆ. ಕಾಗದದಲ್ಲಿ ಹಾಗಿಲ್ಲ. 1959ರ ಆಯುಧ ಕಾಯ್ದೆಯ 41ನೇ ಸೆಕ್ಷನ್ ಕೆಳಗೆ ಕೇಂದ್ರ ಸರ್ಕಾರ ಹೊರಡಿಸುವ ಅಧಿಸೂಚನೆಯಿಂದ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಸಿಕ್ಕಿರುವ ವಿನಾಯಿತಿ ಅದು. ಈಗಿನದು 2019ರಲ್ಲಿ ಬಂದದ್ದು, 2029ರ ಅಕ್ಟೋಬರ್‌ವರೆಗೆ. ತಾರತಮ್ಯ ಅಂತ ಒಬ್ಬರು ಹೈಕೋರ್ಟಿಗೆ ಹೋದರು, 2021ರಲ್ಲಿ ಕೋರ್ಟ್ ವಿನಾಯಿತಿ ಸರಿ ಅಂದಿತು. ಆದರೆ ಅದೇ 41ನೇ ಸೆಕ್ಷನ್‌ನಲ್ಲಿ, ಬೇಕಾದಾಗ ರದ್ದು ಮಾಡಬಹುದು ಅಂತಲೂ ಬರೆದಿದೆ.

ಅಮೆರಿಕದಲ್ಲಿ ಆದೇಶ ಕೋವಿ ಕಸಿಯದಂತೆ ಕಾನೂನು ತಡೆಯುತ್ತದೆ. ನಮ್ಮಲ್ಲಿ ಆದೇಶವೇ ಕೋವಿ ಉಳಿಸಿದೆ. ಉಲ್ಟಾ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಕೋವಿಯ ಬಾಯಿಗೆ ತೋಕ್ ಪೂ ಅನ್ನುವ ಹೂವು ಇಡುವಾಗ, ಗಂಡು ಮಗು ಹುಟ್ಟಿದರೆ ಒಂದು, ಯಾರಾದರೂ ತೀರಿಕೊಂಡರೆ ಎರಡು ಈಡು ಹಾರಿಸುವಾಗ, 2029 ಅನ್ನುವ ಸಂಖ್ಯೆ ಯಾರ ತಲೆಯಲ್ಲೂ ಇರಲ್ಲ. ನನ್ನ ತಲೆಯಲ್ಲಿ ಇರುತ್ತದೆ. ಅಕ್ಕ, ನಿಮ್ಮ ತಂದೆಯವರಿಗೆ ನಮಸ್ಕಾರ ಹೇಳಿ. ಸೀಮೆಎಣ್ಣೆಯಲ್ಲಿ ಒಮ್ಮೆ ತೊಳೆದು ಆಮೇಲೆ ಎಣ್ಣೆ ಹಾಕಿದರೆ ತುಕ್ಕು ಬೇಗ ಬಿಡುತ್ತದೆ.

ಹೊಸಬ_ಪ್ಲೇನೋ

ಎಲ್ಲರಿಗೂ ಧನ್ಯವಾದ. ಬಂಪ್ ಸ್ಟಾಕ್ ವಿಷಯ ಹೇಳಿದೆ. ಊಟ ನಿಲ್ಲಲಿಲ್ಲ, ಆದರೆ ಫೋರ್ಕ್ ಕೆಳಗಿಟ್ಟು ಐದು ನಿಮಿಷ ಫೋನಿನಲ್ಲಿ ಹುಡುಕಿದರು. ಸಿಕ್ಕ ಮೇಲೆ, ಹೌದು, ಅದೊಂದು ಮರೆತಿದ್ದೆ ಅಂದರು.

ರೇಂಜಿಗೆ ಹೋಗುತ್ತೇನೆ, ಗಾಜಿನ ಆಚೆ ಕಿವಿಗೆ ಹತ್ತಿ ಇಟ್ಟುಕೊಂಡು ಕೂರುತ್ತೇನೆ. ವೀಸಾ ವಿಷಯ ತಿಳಿಸಿದಾಗ ಅವರಿಗೂ ಆಶ್ಚರ್ಯ. ಅದಕ್ಕೊಂದು ಉಪಾಯ ಹೇಳಿದ್ದಾರೆ. ಅವರ ತಮ್ಮನದು ಊರಾಚೆ ಜಮೀನಿದೆಯಂತೆ, ಕಾಡುಹಂದಿ ಕಾಟ ವಿಪರೀತವಂತೆ. ಟೆಕ್ಸಾಸ್‌ನಲ್ಲಿ ಖಾಸಗಿ ಜಮೀನಿನಲ್ಲಿ, ಮಾಲೀಕರು ಒಪ್ಪಿದರೆ, ಹಂದಿ ಹೊಡೆಯಲು 2019ರಿಂದ ಬೇಟೆ ಲೈಸೆನ್ಸೇ ಬೇಡವಂತೆ. ನೇರ ಅಲ್ಲಿಗೇ ಬಾ ಅಂತಿದ್ದಾರೆ.

ಕಾಫಿತೋಟದ_ಮಗಳು

ಅಯ್ಯೋ ಮಾರಾಯ್ರೆ, ಹಂದಿಗೆ ಲೈಸೆನ್ಸ್ ಬೇಡ. ನಿಮಗೆ ಬೇಕು. ಮೊದಲು ಮಾಡಿಸಿಕೊಳ್ಳಿ.